ಎರಡನೆಯ ಓದಿನಲ್ಲಿ ಕಾಣುವವರು

ಕಳೆದ ತಿಂಗಳು ಮುಂಬಯಿಯ ಕಿಂಗ್ಸ್ ಸರ್ಕಲ್ಲಿನ ಫುಟ್‌ಪಾತ್ ಪುಸ್ತಕದಂಗಡಿಯಲ್ಲಿ ಕೊಂಡ ಒಂದು ಹಳೆಯ ಇಂಗ್ಲಿಷ್ ಪತ್ತೇದಾರಿ ಕಾದಂಬರಿಯನ್ನು, ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೋಗಿ ಬರುವ ಲೋಕಲ್ ರೈಲಿನ ಪ್ರಯಾಣದಲ್ಲಿಯೇ ನಾಲ್ಕು ದಿನಗಳಲ್ಲಿ ಓದಿ ಮುಗಿಸಿದೆ. ಮುಗಿಸಿದ ಸಂಜೆ ಮನಸ್ಸಿಗೆ ಬಹಳ ಬೇಸರವಾಯಿತು. ಕೊಲೆಯಾದ ರಾತ್ರಿ ಊಟದ ಮೇಜಿನ ಮುಂದೆ ಎಲ್ಲರ ಎದುರು ಕುಳಿತಿದ್ದವನು ಕೊಲೆಗಾರನಲ್ಲ, ಆತನ ಅವಳಿ ತಮ್ಮ ಎಂದು ಕೊನೆಯ ಅಧ್ಯಾಯಕ್ಕೆ ಸ್ವಲ್ಪ ಮುಂಚೆ ಹೇಳಿ ಲೇಖಕರು ಕತೆಯ ಗಂಟನ್ನು ಬಿಚ್ಚಿಬಿಟ್ಟಿದ್ದರು. ಹಾಗೊಬ್ಬ ತಮ್ಮನಿದ್ದಾನೆ ಎಂಬುದಕ್ಕೆ ಅದುವರೆಗೆ ಒಂದು ಸಾಲಿನ ಸುಳಿವೂ ಇರಲಿಲ್ಲ. ನನ್ನ ಕಣ್ಣಿಗೇ ತಪ್ಪಿರಬಹುದೆಂದು ಥಾಣೆ ದಾಟಿದ ಮೇಲೆ ಮೊದಲ ಪುಟಕ್ಕೆ ಮರಳಿ, ಇಳಿಯುವ ತನಕವೂ ಹಾಳೆ ತಿರುವಿದೆ. ಗೋಡೆಯ ಮೇಲೆ ತೂಗುಹಾಕಿದ ಒಂದು ಬಾಲ್ಯದ ಫೋಟೋ, ತಪ್ಪು ಹೆಸರು ಹಿಡಿದು ಕರೆದ ಒಬ್ಬ ಆಳು, ಬಲಗೈಯವನ ಎಡಗೈ ಬಳಕೆ, ಇಂತಹ ಒಂದೂ ಅಲ್ಲಿರಲಿಲ್ಲ.

ಈ ಬಗೆಯ ಮೋಸ ಹೊಸದಲ್ಲ. ಇದರ ಮೇಲಿನ ಸಿಟ್ಟೂ ಹೊಸದಲ್ಲ. ಸ್ವತಃ ಪತ್ತೇದಾರಿ ಕತೆಗಳನ್ನು ಬರೆಯುತ್ತಿದ್ದ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲೆಂಡಿನ ಕ್ಯಾಥೊಲಿಕ್ ಪಾದ್ರಿ 1929ರಲ್ಲಿ ಇಂತಹ ಕತೆಗಳಿಗೆ ಹತ್ತು ನಿಯಮಗಳನ್ನು ರೂಪಿಸಿದರು. ಓದುಗರನ್ನು ಮೊದಲೇ ಸರಿಯಾಗಿ ಸಿದ್ಧಗೊಳಿಸದೆ ಅವಳಿಗಳನ್ನಾಗಲಿ ಒಂದೇ ರೂಪದವರನ್ನಾಗಲಿ ತರಬಾರದು ಎಂಬುದು ಅವುಗಳಲ್ಲಿ ಹತ್ತನೆಯದು. ಮರುವರ್ಷ, 1930ರಲ್ಲಿ, ಲಂಡನ್ನಿನಲ್ಲಿ ಹುಟ್ಟಿದ ಡಿಟೆಕ್ಷನ್ ಕ್ಲಬ್ಬಿಗೆ ಸೇರುವ ಲೇಖಕರು, ಮುಖ್ಯವಾದ ಯಾವ ಸುಳಿವನ್ನೂ ಓದುಗರಿಂದ ಮುಚ್ಚಿಡುವುದಿಲ್ಲ ಎಂದು ಪ್ರಮಾಣ ಮಾಡಬೇಕಾಗಿತ್ತು. ಓದುಗರಿಗೂ ಲೇಖಕರಿಗೂ ನಡುವೆ ಒಂದು ಋಣವಿದೆ ಎಂದು ಅವರು ನಂಬಿದ್ದ ರೀತಿ ನನಗೆ ಪ್ರಿಯವಾದದ್ದು.

ಆದರೆ ನಿಯಮಕ್ಕಿಂತ ದೊಡ್ಡದಾದ ಪರೀಕ್ಷೆಯೊಂದಿದೆ ಎಂದು ನನಗೆ ತೋರುತ್ತದೆ. ಕತೆಯ ಗುಟ್ಟು ತಿಳಿದ ಮೇಲೆ ಅದೇ ಪುಸ್ತಕವನ್ನು ಮತ್ತೊಮ್ಮೆ ಓದಬೇಕು. ಎರಡನೆಯ ಓದಿನಲ್ಲಿ ಅದು ಮೊದಲಿಗಿಂತ ಒಳ್ಳೆಯ ಕಾದಂಬರಿಯಾಗಿ ತೆರೆದುಕೊಂಡರೆ ಆ ತಿರುವು ನಿಜವಾದ ತಿರುವು. ಖಾಲಿಯಾಗಿ ಕಂಡರೆ ಅದು ಬರಿಯ ಬೆಚ್ಚಿಬೀಳಿಸುವಿಕೆ.

ಅಗಾಥಾ ಕ್ರಿಸ್ಟಿ 1926ರಲ್ಲಿ ಪ್ರಕಟಿಸಿದ ಒಂದು ಕಾದಂಬರಿಯಲ್ಲಿ ಕತೆ ಹೇಳುವವನೇ ಕೊಲೆಗಾರ. ಇನ್ನೂ ಓದದಿರುವವರ ಸಂತೋಷ ಕೆಡಬಾರದೆಂದು ಪುಸ್ತಕದ ಹೆಸರನ್ನು ಹೇಳದೆ ಬಿಡುತ್ತೇನೆ. ಕೊಲೆಯಾಗಲಿರುವ ಮನುಷ್ಯನ ಕೋಣೆಯಲ್ಲಿ ತಾನು ಕುಳಿತಿದ್ದ ಸಂಜೆಯನ್ನು ನಿರೂಪಕ ವರ್ಣಿಸುತ್ತಾನೆ. ಒಂಬತ್ತು ಗಂಟೆಗೆ ಇಪ್ಪತ್ತು ನಿಮಿಷವಿದ್ದಾಗ ಟಪಾಲಿನ ಕಾಗದಗಳು ಒಳಗೆ ಬಂದವು. ಒಂಬತ್ತಕ್ಕೆ ಹತ್ತು ನಿಮಿಷವಿದ್ದಾಗ ತಾನು ಅಲ್ಲಿಂದ ಹೊರಟೆ. ಕಾಗದವನ್ನು ಆತ ಇನ್ನೂ ಓದಿ ಮುಗಿಸಿರಲಿಲ್ಲ. ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ನಡುವಿನ ಹತ್ತು ನಿಮಿಷಗಳಲ್ಲಿ ಏನು ನಡೆಯಿತೆಂದು ಕೇಳಬೇಕಾದವರು ನಾವು. ಕತೆ ಹೇಳುವ ದನಿ ಅಷ್ಟು ಸಜ್ಜನಿಕೆಯದ್ದಾದ್ದರಿಂದ ನಾವು ಕೇಳುವುದಿಲ್ಲ. ಓದುಗರಿಗೆ ಯಾರ ಮನಸ್ಸಿನೊಳಗೆ ಪ್ರವೇಶ ಕೊಟ್ಟಿದೆಯೋ ಅವನು ಅಪರಾಧಿಯಾಗಬಾರದು ಎಂಬ ಮಾತು ನಾಕ್ಸ್ ಅವರ ಮೊದಲನೆಯ ನಿಯಮದಲ್ಲಿಯೇ ಇದೆ. ಅದಕ್ಕೆ ಮೂರು ವರ್ಷ ಮುಂಚೆಯೇ ಕ್ರಿಸ್ಟಿ ಆ ಗೆರೆಯನ್ನು ದಾಟಿಯಾಗಿತ್ತು, ಅನ್ಯಾಯವೆಂದು ಆಗ ದೂರಿದವರೂ ಇದ್ದರು. ನನ್ನ ಮಟ್ಟಿಗೆ ಅದು ಅನ್ಯಾಯವಲ್ಲ. ಎರಡನೆಯ ಸಲ ಓದುವಾಗ ಆ ಹತ್ತು ನಿಮಿಷಗಳ ಅಂತರ ಪುಟದ ಮೇಲೆ ಬಾವಿಯ ಬಾಯಿಯಂತೆ ತೆರೆದಿರುತ್ತದೆ, ಮೊದಲ ಸಲ ಅದರ ಅಂಚಿನಲ್ಲೇ ನಡೆದುಹೋಗಿದ್ದೆವಲ್ಲ ಎಂದು ಮೈ ಜುಮ್ಮೆನ್ನುತ್ತದೆ.

ಹೀಗೆ ಯೋಚಿಸುವಾಗಲೆಲ್ಲ ನನ್ನ ಮನಸ್ಸು ವಿರಾಟ ಪರ್ವಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಮುಂಬಯಿಗೆ ಬಂದಾಗ ನೋಡಿದ ಕೀಚಕ ವಧೆಯ ಪ್ರಸಂಗಗಳಲ್ಲಿ, ಗುರುತು ಮರೆಸಿಕೊಂಡವರ ಕತೆಯನ್ನು ಹೇಗೆ ಹೇಳಬೇಕೆಂಬ ಪಾಠ ಪೂರ್ತಿಯಾಗಿ ಇದೆ. ಕೊಲೆ ನಡೆಯುವುದು ರಾತ್ರಿ, ನಾಟ್ಯಶಾಲೆಯ ಕತ್ತಲಲ್ಲಿ. ಸತ್ತವನು ರಾಣಿಯ ತಮ್ಮ. ಕೊಂದವರು ಅದೃಶ್ಯ ಗಂಧರ್ವರೆಂದು ಇಡೀ ನಗರ ನಂಬುತ್ತದೆ. ನಿಜವಾಗಿ ಕೊಂದವನು ಅರಮನೆಯ ಅಡುಗೆಮನೆಯಲ್ಲಿ ಬಾಣಸಿಗನಾಗಿರುವ ವಲಲ. ದೂರದ ಹಸ್ತಿನಾವತಿಯಲ್ಲಿ ಸುದ್ದಿ ಕೇಳಿದ ದುರ್ಯೋಧನ, ಕೀಚಕನನ್ನು ಬರಿಗೈಯಲ್ಲಿ ಕೊಲ್ಲಬಲ್ಲವರು ಲೋಕದಲ್ಲಿ ಎಷ್ಟು ಮಂದಿ ಎಂದು ಲೆಕ್ಕ ಹಾಕಿ, ಹಾಗಾದರೆ ಭೀಮ ಅಲ್ಲಿದ್ದಾನೆ ಎಂಬ ತೀರ್ಮಾನಕ್ಕೆ ಬರುವುದನ್ನು ಅರ್ಥಧಾರಿಗಳು ಬಿಡಿಸಿ ಹೇಳುವಾಗ, ಯಾವ ಪತ್ತೇದಾರನ ತರ್ಕವೂ ಅದಕ್ಕಿಂತ ಚೊಕ್ಕವಾಗಿರಲಾರದು ಎನಿಸುತ್ತದೆ.

ಅದಕ್ಕಿಂತಲೂ ಹೆಚ್ಚು ಮನಸ್ಸಿಗೆ ಹಿಡಿಸುವುದು ವೇಷ ಮರೆಸಿದವರು ಆಡುವ ಮಾತುಗಳು. ಕೆಲಸ ಕೇಳಿಕೊಂಡು ಬಂದ ಕಂಕಭಟ್ಟ, ತಾನು ಯುಧಿಷ್ಠಿರನ ಗೆಳೆಯನಾಗಿದ್ದೆ ಎನ್ನುತ್ತಾನೆ. ವಲಲ ಆತನ ಅಡುಗೆಮನೆಯಲ್ಲಿದ್ದೆ ಎನ್ನುತ್ತಾನೆ. ಸೈರಂಧ್ರಿ ತನ್ನನ್ನು ಕಾಯುವ ಗಂಧರ್ವರು ಐವರಿದ್ದಾರೆ ಎಂದು ರಾಣಿಯ ಎದುರಿಗೇ ಹೇಳುತ್ತಾಳೆ. ಎಣಿಕೆಯನ್ನು ಕೂಡ ಮರೆಮಾಡುವುದಿಲ್ಲ. ಎಲ್ಲರೂ ಸತ್ಯದ ಪಕ್ಕದಲ್ಲೇ ನಿಂತು ಮಾತನಾಡುತ್ತಾರೆ. ಮುಂದೆ ಉತ್ತರ ಕುಮಾರ ಕೌರವರನ್ನು ಗೆದ್ದನೆಂದು ವಿರಾಟರಾಯ ಹಿಗ್ಗುತ್ತಿರುವಾಗ, ಬೃಹನ್ನಳೆ ಸಾರಥಿಯಾಗಿದ್ದ ಮೇಲೆ ಗೆಲ್ಲದೆ ಇರುವುದುಂಟೆ ಎಂದು ಕಂಕಭಟ್ಟ ನುಡಿಯುತ್ತಾನೆ. ಇಡೀ ಸಭೆಯಲ್ಲಿ ಇದ್ದ ಒಂದೇ ಒಂದು ನಿಜವಾದ ಮಾತು ಅದು. ರಾಜನಿಗೆ ಅದು ಮಗನ ಅವಮಾನವಾಗಿ ಕೇಳಿಸುತ್ತದೆ, ಕೈಯಲ್ಲಿದ್ದ ದಾಳವನ್ನು ಕಂಕನ ಮುಖಕ್ಕೆ ಎಸೆಯುತ್ತಾನೆ. ಸೈರಂಧ್ರಿ ಧಾವಿಸಿ ಬಂದು ಆ ರಕ್ತ ನೆಲಕ್ಕೆ ಬೀಳದಂತೆ ಹಿಡಿಯುತ್ತಾಳೆ. ದಾಸಿಯೊಬ್ಬಳು ಜೂಜಿನ ಭಟ್ಟನ ರಕ್ತಕ್ಕಾಗಿ ಇಷ್ಟು ತಳಮಳಿಸುವುದೇಕೆ ಎಂದು ವಿರಾಟ ಒಂದು ಕ್ಷಣ ಯೋಚಿಸಿದ್ದರೆ ಗುಟ್ಟು ಅಲ್ಲಿಯೇ ಒಡೆಯುತ್ತಿತ್ತು.

ವಿಶಾಖದತ್ತನ ಮುದ್ರಾರಾಕ್ಷಸವೆಂಬ ಸಂಸ್ಕೃತ ನಾಟಕದಲ್ಲಿಯೂ ಇದೇ ಕ್ರಮವಿದೆ. ರಾಕ್ಷಸನೆಂಬ ಹೆಸರಿನ ಮಂತ್ರಿ ಆಪ್ತನೆಂದು ನಂಬಿದ ಕ್ಷಪಣಕ, ಅಂದರೆ ಸನ್ಯಾಸಿ, ಜೀವಸಿದ್ಧಿ ಚಾಣಕ್ಯನ ಗೂಢಚಾರನೆಂಬುದು ನಮಗೆ ಮೊದಲ ಅಂಕದಲ್ಲಿಯೇ ತಿಳಿದಿರುತ್ತದೆ. ರಾಕ್ಷಸನಿಗೆ ತಿಳಿಯುವುದು ಐದನೆಯ ಅಂಕದಲ್ಲಿ. ಕೆಂಪುನಾರಾಯಣ 1823ರಲ್ಲಿ ಅದೇ ಕತೆಯನ್ನು ಮುದ್ರಾಮಂಜೂಷವೆಂದು ಕನ್ನಡ ಗದ್ಯಕ್ಕೆ ತಂದಾಗ, ಕಾದಂಬರಿಯೆಂಬ ಪ್ರಕಾರ ನಮ್ಮಲ್ಲಿ ಇನ್ನೂ ಹುಟ್ಟಿರಲಿಲ್ಲ. ನಮ್ಮ ಪರಂಪರೆ ಗುಟ್ಟನ್ನು ನೋಡುವವರ ಕಿವಿಯಲ್ಲಿ ಮೊದಲೇ ಹೇಳಿಬಿಡುತ್ತದೆ. ಪತ್ತೇದಾರಿ ಕಾದಂಬರಿ ಅದನ್ನು ಕೊನೆಯವರೆಗೆ ಹಿಡಿದಿಡುತ್ತದೆ. ಆದ್ದರಿಂದಲೇ ಎರಡನೆಯ ಓದಿಗೆ ಅಷ್ಟು ಬೆಲೆ. ಆಗ ನಾವು ವಿರಾಟನ ಆಸ್ಥಾನದಿಂದ ಎದ್ದು ಬಂದು ರಂಗಸ್ಥಳದ ಮುಂದೆ, ಎಲ್ಲವನ್ನೂ ಬಲ್ಲವರ ಸಾಲಿನಲ್ಲಿ ಕುಳಿತಿರುತ್ತೇವೆ.

ಸುಳಿವುಗಳನ್ನು ಅಡಗಿಸುವ ಕೈಚಳಕದ ಬಗೆಗೂ ಒಂದೆರಡು ಮಾತು. ಒಳ್ಳೆಯ ಲೇಖಕರು ಮುಖ್ಯವಾದ ವಸ್ತುವನ್ನು ಐದಾರು ಸಾಮಾನ್ಯ ವಸ್ತುಗಳ ನಡುವೆ ಹೆಸರಿಸಿ ಮುಂದೆ ಸಾಗುತ್ತಾರೆ, ಅಥವಾ ಮುಖ್ಯವಾದ ಮಾತನ್ನು ಯಾರೂ ಲಕ್ಷ್ಯಕ್ಕೆ ತೆಗೆದುಕೊಳ್ಳದ ಅಜ್ಜಿಯ ಬಾಯಲ್ಲೋ ಮಗುವಿನ ಬಾಯಲ್ಲೋ ಆಡಿಸಿ, ಮರುಕ್ಷಣವೇ ಒಂದು ಬಾಗಿಲು ಬಡಿಯುವಂತೆ ಮಾಡುತ್ತಾರೆ. ಅಡಗಿದ ವ್ಯಕ್ತಿಯನ್ನು ಗಡ್ಡ ಮೀಸೆಗಳಿಂದ ಮರೆಸುವುದಕ್ಕಿಂತ ಕಸುಬಿನಿಂದ ಮರೆಸುವುದು ಹೆಚ್ಚು ಕಾಲ ನಿಲ್ಲುತ್ತದೆ. ಮುಂಬಯಿಯಲ್ಲಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರತಿದಿನ ಚಹಾ ತಂದಿಡುವ ಹುಡುಗನ ಮುಖ, ಕಟ್ಟಡದ ವಾಚ್‌ಮನ್ನನ ಹೆಸರು, ಇವು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿರುತ್ತವೆ?

ನನಗೆ ಪತ್ತೇದಾರಿ ಕಾದಂಬರಿಗಳ ರುಚಿ ಹತ್ತಿಸಿದವರು ನನ್ನ ದೊಡ್ಡಪ್ಪ. ದಕ್ಷಿಣ ಕನ್ನಡದ ಹಳ್ಳಿಯಿಂದ 1961ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಹಗಲು ಫೋರ್ಟಿನ ಒಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತ, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಹೋಟೆಲು ಮುಚ್ಚಿದ ಮೇಲೆ ಮೇಜುಗಳನ್ನು ಜೋಡಿಸಿ ಮಲಗುತ್ತಿದ್ದ ಹುಡುಗರೆಲ್ಲ ಎನ್. ನರಸಿಂಹಯ್ಯನವರ ಕಾದಂಬರಿಯ ಒಂದೇ ಪ್ರತಿಯನ್ನು ಸರದಿಯ ಮೇಲೆ ಗಟ್ಟಿಯಾಗಿ ಓದುತ್ತಿದ್ದರಂತೆ. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದ ಆ ಲೇಖಕರು, ಶಾಲೆ ಬಿಟ್ಟು ಊರು ಬಿಟ್ಟ ಆ ಹುಡುಗರಿಗೆ ಕನ್ನಡವನ್ನು ಉಳಿಸಿಕೊಟ್ಟರು ಎಂದು ದೊಡ್ಡಪ್ಪ ಕೊನೆಯವರೆಗೂ ಕೃತಜ್ಞತೆಯಿಂದ ಹೇಳುತ್ತಿದ್ದರು. ಅವರ ಬಳಿಯಿದ್ದ ಅಂತಹ ಒಂದು ಪುಸ್ತಕ ನನ್ನ ಪಾಲಿಗೆ ಬಂದಿದೆ. ರಟ್ಟಿನ ಒಳಬದಿಯಲ್ಲಿ ನೀಲಿ ಶಾಯಿಯಲ್ಲಿ ‘ಶೀನ’ ಎಂದು ಬರೆದಿದೆ. ಅದು ದೊಡ್ಡಪ್ಪನ ಹೆಸರಲ್ಲ. ಯಾರೋ ಓದಿ ರದ್ದಿಗೆ ಹಾಕಿದ ಪುಸ್ತಕವನ್ನು ಇವರು ಕೊಂಡಿರಬೇಕೆಂದು ಚಿಕ್ಕಂದಿನಿಂದಲೂ ತಿಳಿದಿದ್ದೆ.

ನನಗೆ ಹತ್ತು ವರ್ಷವಿದ್ದಾಗ ಒಮ್ಮೆ ಮಾಟುಂಗಾ ಮಾರ್ಕೆಟ್ಟಿನಲ್ಲಿ ದೊಡ್ಡಪ್ಪ, ದೊಡ್ಡಮ್ಮ ಮತ್ತು ನಾನು ಬಾಳೆಲೆ ಕೊಳ್ಳುತ್ತಿದ್ದೆವು. ಹಿಂದಿನಿಂದ ಯಾರೋ ಮುದುಕರು ‘ಶೀನಾ’ ಎಂದು ಕೂಗಿದರು. ದೊಡ್ಡಪ್ಪ ತಕ್ಷಣ ತಿರುಗಿದರು. ದೊಡ್ಡಮ್ಮ ನನ್ನ ಕೈ ಹಿಡಿದು, ಮಲ್ಲಿಗೆ ತೆಗೆದುಕೊಳ್ಳೋಣ ಬಾ ಎಂದು ಹೂವಿನ ಸಾಲಿನ ಕಡೆ ಕರೆದುಕೊಂಡು ಹೋದರು. ನನಗೆ ನೆನಪಿದ್ದದ್ದು ಆ ಮಲ್ಲಿಗೆ ಮಾತ್ರ.

ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ರಾತ್ರಿ ಶಾಲೆಯ ಒಂದು ಪ್ರಗತಿಪತ್ರ ಸಿಕ್ಕಿತು. ಅದರಲ್ಲಿಯೂ ಇದ್ದ ಹೆಸರು ಶೀನ ಎಂದೇ. ಅವರು ಹೋಟೆಲಿಗೆ ಸೇರಿದ ವಾರ ಶೀನನೆಂಬ ಹುಡುಗ ಊರಿಗೆ ಹೋದವನು ಮರಳಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಬದಲಿಸುವ ಗೋಜಿಗೆ ಹೋಗದೆ ಧಣಿಗಳು ಹೊಸಬನನ್ನೂ ಹಾಗೆಯೇ ಕರೆದರು. ಆ ಹೋಟೆಲನ್ನು ಬಿಡುವವರೆಗಿನ ಐದು ವರ್ಷ ದೊಡ್ಡಪ್ಪ ಇನ್ನೊಬ್ಬನ ಹೆಸರಿನಲ್ಲಿ ದುಡಿದರು, ಓದಿದರು. ಹದಿಮೂರರ ಹುಡುಗನಿಂದ ಅವನ ಹೆಸರನ್ನು ಹೀಗೆ ಕಸಿದುಕೊಂಡರಲ್ಲ ಎಂಬ ನೋವು ನನಗೆ ಇಂದಿಗೂ ಇದೆ. ಪುಸ್ತಕವನ್ನು ತೆಗೆದು, ಅವರು ನನ್ನ ತಂದೆಗೆ ಬರೆದ ಇನ್‌ಲ್ಯಾಂಡ್ ಪತ್ರವೊಂದರ ಪಕ್ಕದಲ್ಲಿಟ್ಟು ನೋಡಿದೆ. ನಕಾರದ ತಲೆಕಟ್ಟನ್ನು ಬಲಕ್ಕೆ ಉದ್ದವಾಗಿ ಎಳೆಯುವ ಅದೇ ಕೈ.

ಮಾರ್ಕೆಟ್ಟಿನ ಆ ದಿನವನ್ನು ನೆನಪಿಸಿ ದೊಡ್ಡಮ್ಮನನ್ನು ಕೇಳಿದೆ. ಅವರು ಮೊರದಲ್ಲಿದ್ದ ಅಕ್ಕಿಯಿಂದ ಕಣ್ಣೆತ್ತದೆ ಹೇಳಿದರು: “ಮದುವೆಯಾದ ವರ್ಷವೇ ನನಗೆ ಎಲ್ಲ ಹೇಳಿದ್ದರು ಮಗಾ. ನಾನು ಯಾವ ಹೆಸರು ಹಿಡಿದೂ ಅವರನ್ನು ಕರೆದವಳಲ್ಲ. ಆ ದಿನ ಅವರಿಬ್ಬರೂ ಸ್ವಲ್ಪ ಹೊತ್ತು ಮಾತನಾಡಲಿ ಎಂದು ನಿನ್ನನ್ನು ಹೂವಿನಂಗಡಿಗೆ ಕರೆದುಕೊಂಡು ಹೋದೆ.”