ಮಲೆನಾಡಿನ ಮಳೆಗೆ ಹಕ್ಕಾ ಗೋಡೆ: ಬುಡ ಮತ್ತು ಸೂರಿನ ಲೆಕ್ಕ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮಣ್ಣಿನ ಮನೆ ಕಟ್ಟುತ್ತೇವೆ ಅಂದವರಿಗೆ ಮೊದಲು ಎದುರಾಗುವ ಪ್ರಶ್ನೆ ‘ಈ ಮಳೆಗೆ ನಿಲ್ತದಾ?’ ಎನ್ನುವುದು. ಚೀನಾದ ಫುಜಿಯನ್ ಪ್ರಾಂತ್ಯದ ನೈಋತ್ಯ ಭಾಗವೂ ಬೆಟ್ಟಗುಡ್ಡಗಳ ಸೀಮೆಯೇ. ಮಳೆ ಜೋರು, ಜೊತೆಗೆ ಚಂಡಮಾರುತದ ಕಾಟ. ಅಲ್ಲಿ ಹಕ್ಕಾ ಜನ ಹಲಗೆಯ ಅಚ್ಚಿನೊಳಗೆ ಮಣ್ಣು ಕುಟ್ಟಿ ಎಬ್ಬಿಸಿದ ತುಲೌ ಎಂಬ ಮನೆಗಳು ಮೂರರಿಂದ ಐದು ಅಂತಸ್ತಿನವರೆಗೆ ಎದ್ದಿವೆ. ಯೋಂಗ್‌ಡಿಂಗ್‌ನ ಚೆಂಗ್‌ಛಿ ಲೌ 1709ರದ್ದು. ಒಂದರೊಳಗೊಂದು ನಾಲ್ಕು ಸುತ್ತು, ಹೊರಸುತ್ತಿಗೆ ನಾಲ್ಕು ಅಂತಸ್ತು. 2008ರಲ್ಲಿ ಯುನೆಸ್ಕೋ ಫುಜಿಯನ್ನಿನ 46 ತುಲೌಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಫೋಟೊ ನೋಡಿದವರಿಗೆಲ್ಲ ಹಿಡಿಸುವುದು ಅದರ ದುಂಡಾಕಾರ. ಇಡೀ ಕುಲ ಒಂದೇ ಕಡೆ ಇದ್ದು ದರೋಡೆಕೋರರಿಂದ ಕಾಪಾಡಿಕೊಳ್ಳಬೇಕಿತ್ತು, ಅದಕ್ಕೆ ಆ ಆಕಾರ, ಬುಡದಲ್ಲಿ ಕೆಲವು ಕಡೆ 1.8 ಮೀಟರ್ ತನಕದ ದಪ್ಪ. ನಮಗೆ ಅದರ ಅಗತ್ಯವಿಲ್ಲ. ಮಲೆನಾಡಿನವರು ನೋಡಬೇಕಾದದ್ದು ಆ ಗೋಡೆಯ ಬುಡವನ್ನು ಮತ್ತು ಸೂರನ್ನು. ಬುಡದಲ್ಲಿ ನೆಲದಿಂದ ಮೇಲಕ್ಕೆದ್ದ ಹೊಳೆಕಲ್ಲಿನ ಪಾಯ. ನೆತ್ತಿಯಲ್ಲಿ ಗೋಡೆಯಿಂದ ಬಹಳ ಮುಂದಕ್ಕೆ ಚಾಚಿದ ಹಂಚಿನ ಮಾಡು. ಮಣ್ಣಿಗೆ ಸುಣ್ಣ, ಮರಳು, ಕೆಲವೆಡೆ ಅಂಟಕ್ಕಿಯ ಗಂಜಿ, ಬೆಲ್ಲ ಸೇರಿಸುತ್ತಿದ್ದದ್ದು ನಿಜ. ಆದರೆ ಬುಡ ಒದ್ದೆಯಾಗಿ, ನೆತ್ತಿ ಸೋರಿದರೆ ಯಾವ ಗಂಜಿಯೂ ಗೋಡೆಯನ್ನು ಉಳಿಸುವುದಿಲ್ಲ. ಹಾಗಾಗಿ ಖರ್ಚು ಮಾಡುವ ದುಡ್ಡು ಮೊದಲು ಪಾಯಕ್ಕೆ ಮತ್ತು ಮಾಡಿಗೆ ಹೋಗಬೇಕು, ಸಿಮೆಂಟಿಗೆ ಆಮೇಲೆ.

ಪಾಯದಿಂದಲೇ ಶುರುಮಾಡೋಣ. ಸೂರಿನಿಂದ ಬಿದ್ದ ನೀರು ನೆಲಕ್ಕೆ ಬಡಿದು ಒಂದು, ಒಂದೂವರೆ ಅಡಿ ಮೇಲಕ್ಕೆ ಸಿಡಿಯುತ್ತದೆ. ಆದ್ದರಿಂದ ಘಟ್ಟದ ಅಂಚಿನ ಊರುಗಳಲ್ಲಿ ಕಲ್ಲಿನ ಕಟ್ಟೆ ನೆಲದಿಂದ ಕನಿಷ್ಠ 60 ಸೆಂ.ಮೀ. ಇರಲಿ, ಶಿವಮೊಗ್ಗದಿಂದ ಮೂಡಲಿಗೆ ಹೋದರೆ 45 ಸಾಕು. ಇಲ್ಲಿ ಹೆಚ್ಚಿನವರು ತಪ್ಪುವುದು ಕಲ್ಲಿನ ಆಯ್ಕೆಯಲ್ಲಿ. ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಕೈಗೆಟುಕುತ್ತದೆ ಅಂತ ಅದನ್ನೇ ನೆಲದಿಂದ ಕಟ್ಟಿಬಿಡುತ್ತಾರೆ. ಜಂಬಿಟ್ಟಿಗೆಯಲ್ಲಿ ತೂತುಗಳು ಜಾಸ್ತಿ, ನೀರನ್ನು ಹೀರಿ ಮೇಲಕ್ಕೆ ಕಳಿಸುತ್ತದೆ. ಅದರ ಮೇಲೆ ಕೂತ ಮಣ್ಣಿನ ಗೋಡೆಯ ಕೆಳಗಿನ ವರಸೆ ಆಷಾಢ ಮುಗಿಯುವಷ್ಟರಲ್ಲಿ ಪುಡಿ ಉದುರಿಸುತ್ತದೆ. ನೆಲಕ್ಕೆ ತಾಗುವ ವರಸೆಗಳು ಗಟ್ಟಿ ಕಾಡುಕಲ್ಲಿನವಾಗಲಿ, ಜಂಬಿಟ್ಟಿಗೆ ಅದರ ಮೇಲೆ ಬರಲಿ, ಎಲ್ಲಕ್ಕೂ ಮೇಲೆ ತೇವ ತಡೆಯುವ ಒಂದು ಪದರ ಬೇಕೇ ಬೇಕು. ಸೂರುನೀರು ಬೀಳುವ ಗೆರೆಯಲ್ಲಿ ಜಲ್ಲಿ ತುಂಬಿದ ಕಾಲುವೆ ತೆಗೆದರೆ ಸಿಡಿತ ತಗ್ಗುತ್ತದೆ.

ಸೂರು ಗೋಡೆಯಿಂದ 90 ಸೆಂ.ಮೀ. ಮುಂದಕ್ಕೆ ಬರಬೇಕು. ಮಳೆ ಬೀಸುವ ಪಡುವಣ ದಿಕ್ಕಿಗೆ 1.2 ಮೀಟರ್, ಇಲ್ಲವೇ ಆ ಕಡೆಗೊಂದು ಜಗಲಿ. ಎರಚಲು ಹೊಡೆಯುವ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವ ನಮ್ಮ ಹಳೆಯ ಪದ್ಧತಿಯಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಮೊದಲ ಎರಡು ಮಳೆಗಾಲ ಹೊಸ ಗೋಡೆಗೆ ಅದು ಇರಲೇಬೇಕು.

ಇನ್ನು ಮಣ್ಣು. ಗುಡ್ಡದ ಓರೆಯಲ್ಲಿ ಜಾಗ ಸಮ ಮಾಡುವಾಗ ಜೆಸಿಬಿಯಲ್ಲಿ ಧರೆ ಕಡಿದು ಆ ಮಣ್ಣನ್ನು ಹಳ್ಳಕ್ಕೆ ತಳ್ಳುತ್ತೇವೆ. ಗೋಡೆಗೆ ಬೇಕಾದದ್ದು ಅದೇ. ಮೇಲಿನ ಒಂದೂವರೆ ಅಡಿಯಲ್ಲಿ ಬೇರು, ಗೊಬ್ಬರ ಇರುತ್ತದೆ. ಅದನ್ನು ತೋಟಕ್ಕೆ ಹಾಕಿ. ಅದರ ಕೆಳಗಿನ ಕೆಂಪುಮಣ್ಣು, ಸಣ್ಣ ಜಂಬಿಟ್ಟಿಗೆ ಹರಳಿನ ಸಮೇತ, ಒಳ್ಳೆಯ ಸರಕು. ಇದರ ಜೇಡಿ ಎರೆಮಣ್ಣಿನ ಹಾಗೆ ನೀರು ಕುಡಿದು ಉಬ್ಬಿ, ಒಣಗಿದಾಗ ಬಾಯಿ ಬಿಡುವ ಜಾತಿಯದ್ದಲ್ಲ. ಎರೆಮಣ್ಣಿನ ಹೊಲದವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು.

ಮಣ್ಣು ಪರೀಕ್ಷಿಸಲು ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಅಲುಗಿಸದೆ ಇಡಿ. ತಳದಲ್ಲಿ ಹರಳು, ಮರಳು. ನಡುವೆ ನಯ ಹುಡಿ. ಮೇಲೆ ಜೇಡಿ ಕೂರುತ್ತದೆ. ನೂರಕ್ಕೆ ಮರಳು, ಹರಳು ಸೇರಿ 50ರಿಂದ 70 ಪಾಲು, ಜೇಡಿ 10ರಿಂದ 20 ಪಾಲು ಇದ್ದರೆ ಹಾಗೇ ಬಳಸಬಹುದು. ಜೇಡಿ 30 ಪಾಲು ಕಂಡರೆ ಎರಡು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಮರಳು ಅಥವಾ ಎಂ-ಸ್ಯಾಂಡ್ ಹಾಕಿ, 20ಕ್ಕೆ ಇಳಿಯುತ್ತದೆ. ಬಾಟಲಿ ಕೊಡುವುದು ಅಂದಾಜು ಮಾತ್ರ. ಖಚಿತವಾಗಬೇಕಾದರೆ 60 ಸೆಂ.ಮೀ. ಉದ್ದ, 4 ಅಗಲ, 4 ಆಳದ ಮರದ ಪೆಟ್ಟಿಗೆಗೆ ಒಳಗೆಲ್ಲ ಎಣ್ಣೆ ಸವರಿ, ಹಸಿ ಮಣ್ಣು ತುಂಬಿ ನೆರಳಲ್ಲಿ ಒಂದು ವಾರ ಒಣಗಿಸಿ. ಒಂದೂವರೆ ಸೆಂ.ಮೀ. ದಾಟಿ ಕುಗ್ಗಿದ್ದರೆ ಮರಳು ಇನ್ನೂ ಸಾಲದು ಎಂದರ್ಥ.

ದಪ್ಪದ ವಿಷಯದಲ್ಲಿ ಭಾರತೀಯ ಮಾನಕ ಐಎಸ್ 13827 (1993) ಒಳ್ಳೆಯ ಶಿಸ್ತು ಕಲಿಸುತ್ತದೆ. ಭೂಕಂಪಕ್ಕೆಂದು ಬರೆದದ್ದಾದರೂ ಎಲ್ಲ ಮಣ್ಣಿನ ಮನೆಗೂ ಒಪ್ಪುವಂಥದ್ದು: ಗೋಡೆಯ ಎತ್ತರ ದಪ್ಪದ 8 ಪಟ್ಟು ಮೀರಬಾರದು, ಎರಡು ಅಡ್ಡಗೋಡೆಗಳ ನಡುವಿನ ಉದ್ದ 10 ಪಟ್ಟು ಮೀರಬಾರದು, ಮೂಲೆಯಿಂದ ಕಿಟಕಿಗೆ 1.2 ಮೀಟರ್ ಗೋಡೆ ಉಳಿಯಬೇಕು. 2.7 ಮೀಟರ್ ಎತ್ತರಕ್ಕೆ 30 ಸೆಂ.ಮೀ. ದಪ್ಪ ಈ ಲೆಕ್ಕದಲ್ಲಿ ಪಾಸಾಗುವುದಿಲ್ಲ, 40 ಇಟ್ಟರೆ ನೆಮ್ಮದಿ. 3 ಮೀಟರ್ ಉದ್ದದ ಅಂಥ ಒಂದು ಗೋಡೆಗೆ ಕುಟ್ಟಿದ ಮೇಲೆ 3.24 ಘನ ಮೀಟರ್ ಮಣ್ಣು. ಸಡಿಲ ರಾಶಿಯಲ್ಲಿ ಐದು ಘನ ಮೀಟರ್ ಹತ್ತಿರ ಬೇಕು, ತೂಕ ಆರು ಟನ್ ಆಸುಪಾಸು. ಅದೇ ಗೋಡೆಯನ್ನು 30 ಸೆಂ.ಮೀ.ಗೆ ಇಳಿಸಿ ಶೇ 8 ಸಿಮೆಂಟ್ ಹಾಕಿದರೆ ಒಂದು ಗೋಡೆಗೇ 7 ಮೂಟೆ. ಇಟ್ಟಿಗೆ ಗೋಡೆಯ ಗಾರೆಗೂ ಅಷ್ಟು ಬೇಡ! ಪರಿಸರದ ಹೆಸರಲ್ಲಿ ಕಟ್ಟುವವರು ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಬೇಕು. ಸೂರು ಚಾಚಲು ಜಾಗವೇ ಇಲ್ಲದ ಪೇಟೆ ಸೈಟಿನಲ್ಲಿ ಸಿಮೆಂಟ್ ಅನಿವಾರ್ಯ ಆಗಬಹುದು, ಹಳ್ಳಿಯಲ್ಲಿ ಅಲ್ಲ.

ಕುಟ್ಟುವ ಕೆಲಸ ದೀಪಾವಳಿ ಕಳೆದ ಮೇಲೆ. ನೀರಿನ ಹದವೇ ಇಲ್ಲಿ ಮುಖ್ಯ. ಮಣ್ಣು ಹದವಾಗಿ ನೀರು ಚಿಮುಕಿಸಿದ ಅವಲಕ್ಕಿಯಷ್ಟು ತೇವ ಇರಬೇಕು. ಮುಷ್ಟಿಯಲ್ಲಿ ಉಂಡೆ ಕಟ್ಟಿ ಎದೆಮಟ್ಟದಿಂದ ಗಟ್ಟಿ ನೆಲಕ್ಕೆ ಬಿಡಿ: ನಾಲ್ಕೈದು ಚೂರಾದರೆ ಸರಿ, ಪುಡಿಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಕೂತರೆ ಜಾಸ್ತಿ. ಅಚ್ಚಿಗೆ 18 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್, 60 ಸೆಂ.ಮೀ. ಎತ್ತರ, ಅಡ್ಡಲಾಗಿ ಬೋಲ್ಟ್. ಮೂಲೆಗೆ ತ್ರಿಕೋನ ಪಟ್ಟಿ ಹೊಡೆಯದಿದ್ದರೆ ಅಚ್ಚು ಬಿಚ್ಚುವಾಗ ಅಂಚು ಒಡೆಯುತ್ತದೆ. ಒಂದು ಸಲಕ್ಕೆ 15 ಸೆಂ.ಮೀ. ಮಣ್ಣು ಹರಡಿ, 6ರಿಂದ 8 ಕಿಲೋ ತೂಕದ ಕುಟ್ಟಣಿಯಿಂದ ಮೊದಲು ಅಚ್ಚಿನ ಅಂಚುಗುಂಟ, ಆಮೇಲೆ ನಡುವೆ ಕುಟ್ಟಿ. ಮೊದಮೊದಲು ‘ಧಪ್’ ಅನ್ನುವ ಸದ್ದು ಬರಬರುತ್ತ ಬಿಗಿಯಾಗಿ ‘ಟಣ್’ ಅನ್ನುತ್ತದೆ, ಕುಟ್ಟಣಿಯ ಗುರುತು ಬೀಳುವುದು ನಿಲ್ಲುತ್ತದೆ. ಆಗ ಆ ಪದರ 10 ಸೆಂ.ಮೀ.ಗೆ ಇಳಿದಿರುತ್ತದೆ. ಕುಟ್ಟಿದಲ್ಲಿ ತಗ್ಗಾಗಿ ಪಕ್ಕದಲ್ಲಿ ಉಬ್ಬಿದರೆ ನೀರು ಹೆಚ್ಚಾಗಿದೆ. ಮತ್ತಷ್ಟು ಕುಟ್ಟಿ ಪ್ರಯೋಜನವಿಲ್ಲ, ತೆಗೆದು ಹರವಿ ಆರಿಸಬೇಕು.

ಸಲಿಕೆಯಿಂದ ಎತ್ತಿ ಸುರಿದಾಗ ಹರಳು ಉರುಳಿ ಅಚ್ಚಿನ ಬದಿಗೆ ಸೇರುತ್ತದೆ. ಬಿಚ್ಚಿದಾಗ ಕಾಣುವ ಜೇನುಗೂಡಿನಂಥ ತೂತುಗಳಿಗೆ ಅದೇ ಕಾರಣ. ಕೈಯಿಂದ ಹರಡಿದರೆ ತಪ್ಪುತ್ತದೆ. ಮರುದಿನ ಶುರುಮಾಡುವಾಗ ನಿನ್ನೆಯ ಮೇಲ್ಮೈಯನ್ನು ಗೀರಿ ನೀರು ಚಿಮುಕಿಸಿ.

ಹಕ್ಕಾ ಕೆಲಸಗಾರರು ಪದರಗಳ ನಡುವೆ ಬಿದಿರ ಸೀಳುಗಳನ್ನು ಮಲಗಿಸುತ್ತಾರೆ. ನಮ್ಮಲ್ಲಿ ಮೂಲೆಗಳಿಗೆ ಹಾಗೆ ಕೊಡುವುದು ಒಳ್ಳೆಯದು, ಆದರೆ ಒರಲೆ ಬಿಡುವುದಿಲ್ಲ. ಬೋರಾಕ್ಸ್, ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿದ ಬಿದಿರೇ ಆಗಬೇಕು, ಹಸಿ ಅಡಿಕೆ ದಬ್ಬೆ ಖಂಡಿತ ಬೇಡ. ಅವರಿಂದ ಕಲಿಯಬೇಕಾದ ಇನ್ನೊಂದು ಸೂಕ್ಷ್ಮವಿದೆ. ಬಿಸಿಲು ಬೀಳುವ ಮುಖ ಬೇಗ ಒಣಗಿ ಗಟ್ಟಿಯಾಗುತ್ತದೆ, ನೆರಳಿನ ಮುಖ ಮೆತ್ತಗೇ ಉಳಿದು ಭಾರಕ್ಕೆ ಕುಸಿಯುತ್ತದೆ. ಎತ್ತರದ ಗೋಡೆ ನೆರಳಿನ ಕಡೆ ವಾಲುತ್ತದೆ. ಅದಕ್ಕೇ ಅವರು ಕುಟ್ಟುವಾಗಲೇ ಬಿಸಿಲ ಕಡೆಗೆ ಒಂದಿಷ್ಟು ವಾಲಿಸುತ್ತಿದ್ದರು, ದೊಡ್ಡ ತುಲೌಗಳನ್ನು ವರ್ಷಕ್ಕೊಂದು ಅಂತಸ್ತಿನಂತೆ ಆರಲು ಬಿಟ್ಟು ಏರಿಸುತ್ತಿದ್ದರು. ಒಂದೇ ಅಂತಸ್ತಿನ ನಮ್ಮ ಮನೆಗೆ ದಕ್ಷಿಣ, ಪಡುವಣ ಮುಖಕ್ಕೆ ಗೋಣಿಚೀಲ ಇಳಿಬಿಟ್ಟು ಎರಡೂ ಮುಖ ಸಮನಾಗಿ ಆರುವಂತೆ ನೋಡಿಕೊಂಡರೆ ಸಾಕು.

ಭರಣಿ ಮಳೆಗೆ ಮೊದಲು ಹಂಚು ಹೊದಿಸಿರಬೇಕು. ಆಗದಿದ್ದರೆ ಗೋಡೆಯ ನೆತ್ತಿಗೆ ಟಾರ್ಪಾಲು ಕಟ್ಟಿ ಮುಂದಿನ ವರ್ಷಕ್ಕೆ ಬಿಡಿ. ನೆತ್ತಿಯಿಂದ ಇಳಿದ ನೀರು ಒಂದೇ ರಾತ್ರಿಗೆ ಕೊರಕಲು ಮಾಡುತ್ತದೆ. ವಿದ್ಯುತ್ ಪೈಪುಗಳನ್ನು ಕುಟ್ಟುವಾಗಲೇ ಒಳಗಿಡಿ, ಆಮೇಲೆ ಕಟರ್ ಹಾಕಿ ಸೀಳಿದರೆ ಪದರಗಳು ಸಡಿಲಾಗುತ್ತವೆ. ಹೊರಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಲೇಬೇಡಿ: ಗೋಡೆಯೊಳಗಿನ ತೇವ ಹೊರಬರಲಾಗದೆ ಪ್ಲಾಸ್ಟರಿನ ಹಿಂದೆ ನಿಂತು, ಎರಡು ಮೂರು ವರ್ಷದಲ್ಲಿ ಮಣ್ಣನ್ನೂ ಕಿತ್ತುಕೊಂಡು ಹಲಗೆ ಹಲಗೆಯಾಗಿ ಉದುರುತ್ತದೆ. ಸುಣ್ಣದ ಗಾರೆ ಅಥವಾ ಕೆಮ್ಮಣ್ಣಿನ ಸಾರಣೆ ಸಾಕು. ಸಾಗರ, ಸೊರಬದ ಕಡೆ ಹಸೆ ಚಿತ್ತಾರ ಬರೆಯುವ ಗೋಡೆಗೆ ಬಳಿಯುವುದೂ ಅದೇ ಕೆಮ್ಮಣ್ಣು. ವರ್ಷಕ್ಕೊಮ್ಮೆ, ಮಳೆ ಬಿಟ್ಟ ಮೇಲೆ, ಸವೆದಲ್ಲಿ ಮತ್ತೆ ಬಳಿದರೆ ಆಯಿತು.