ಮಳೆಗಾಲದ ಗ್ರಹಶೋಧನೆ: ಚಿತ್ರದುರ್ಗದಿಂದ ಪ್ರಗತಿ ವರದಿ

ಚಿತ್ರದುರ್ಗದಲ್ಲಿ ಮಳೆ ಕಡಿಮೆಯಾದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡಕ್ಕೇನೂ ಕೊರತೆಯಿರುವುದಿಲ್ಲ. ಆದ್ದರಿಂದ ಹವ್ಯಾಸಿ ಆಕಾಶವೀಕ್ಷಕರ ನಮ್ಮ ಗುಂಪು ಈ ಅವಧಿಯಲ್ಲಿ ದೂರದರ್ಶಕವನ್ನು ಮುಚ್ಚಿಟ್ಟು, ಬೇರೆ ನಕ್ಷತ್ರಗಳ ಗ್ರಹಗಳನ್ನು ಸ್ವಯಂಸೇವಕರು ಅಂತರ್ಜಾಲದಲ್ಲಿ ಹುಡುಕುವ ‘ಪ್ಲಾನೆಟ್ ಹಂಟರ್ಸ್ ಟೆಸ್’ ಯೋಜನೆಯ ದತ್ತಾಂಶವನ್ನು ಪರಿಶೀಲಿಸುವ ಕೆಲಸದಲ್ಲಿ ತೊಡಗಿತ್ತು. ನಾಸಾ 2018ರ ಏಪ್ರಿಲ್‌ನಲ್ಲಿ ಉಡಾಯಿಸಿದ ಟೆಸ್ ಉಪಗ್ರಹವು ಆಕಾಶದ ಒಂದೊಂದು ಪಟ್ಟಿಯನ್ನು ಸುಮಾರು 27 ದಿನಗಳ ಕಾಲ ನೋಡುತ್ತ ಅಲ್ಲಿನ ನಕ್ಷತ್ರಗಳ ಪ್ರಕಾಶವನ್ನು ಅಳೆಯುತ್ತದೆ. ಗ್ರಹವೊಂದು ತನ್ನ ನಕ್ಷತ್ರದ ಮುಂದೆ ಹಾದುಹೋದರೆ, ಅಂದರೆ ಸಂಕ್ರಮಣವಾದರೆ, ಆ ಪ್ರಕಾಶ ಕೆಲವು ಗಂಟೆಗಳ ಕಾಲ ಕುಗ್ಗುತ್ತದೆ. ಸೂರ್ಯನಂಥ ನಕ್ಷತ್ರದ ಮುಂದೆ ಗುರುವಿನಷ್ಟು ದೊಡ್ಡ ಗ್ರಹ ಬಂದಾಗ ಈ ಕುಗ್ಗುವಿಕೆ ಶೇ. 1ರಷ್ಟು, ಭೂಮಿಯಷ್ಟು ಚಿಕ್ಕದು ಬಂದಾಗ ಶೇ. 0.01ಕ್ಕೂ ಕಡಿಮೆ.

ಗಣಕಗಳಿರುವಾಗ ಮನುಷ್ಯರ ಕಣ್ಣೇಕೆ ಎಂಬುದು ಗುಂಪಿಗೆ ಹೊಸದಾಗಿ ಸೇರಿದ ಬಿ.ಎಸ್ಸಿ. ವಿದ್ಯಾರ್ಥಿಗಳ ಮೊದಲ ಪ್ರಶ್ನೆಯಾಗಿತ್ತು, ಮತ್ತು ನನ್ನ ದೃಷ್ಟಿಯಲ್ಲಿ ಈ ಕೆಲಸದ ತಿರುಳೇ ಅದರ ಉತ್ತರದಲ್ಲಿದೆ. ಟೆಸ್ ದತ್ತಾಂಶವನ್ನು ಸಂಸ್ಕರಿಸುವ ತಂತ್ರಾಂಶವು ಕನಿಷ್ಠ ಎರಡು ಸಂಕ್ರಮಣಗಳು ಕಂಡರೆ ಮಾತ್ರ ಒಂದು ನಕ್ಷತ್ರವನ್ನು ಗುರುತಿಸುತ್ತದೆ. ಆದರೆ ತನ್ನ ನಕ್ಷತ್ರವನ್ನು ಸುತ್ತಲು ತಿಂಗಳುಗಟ್ಟಲೆ ತೆಗೆದುಕೊಳ್ಳುವ ಗ್ರಹವು ಆ 27 ದಿನಗಳಲ್ಲಿ ಒಮ್ಮೆ ಹಾದುಹೋದರೆ ಅದೇ ಹೆಚ್ಚು. ಆ ಒಂಟಿ ಕುಗ್ಗುವಿಕೆಯನ್ನು ಹಿಡಿಯುವುದು ನೋಡುವವರ ಕಣ್ಣು. 2024ರಲ್ಲಿ ಪ್ರಕಟವಾದ ಟಿಓಐ-4633 ಸಿ ಎಂಬ ಗ್ರಹವನ್ನು ಹೀಗೆಯೇ ಸ್ವಯಂಸೇವಕರು ಗುರುತಿಸಿದರು. ಅದರ ಒಂದು ವರ್ಷವೆಂದರೆ ನಮ್ಮ 272 ದಿನಗಳು, ಮತ್ತು ಅದು ತನ್ನ ನಕ್ಷತ್ರದ ವಾಸಯೋಗ್ಯ ವಲಯದಲ್ಲಿದೆ, ಅಂದರೆ ನೀರು ದ್ರವರೂಪದಲ್ಲಿರಲು ಸಾಧ್ಯವಾಗುವಷ್ಟು ದೂರದಲ್ಲಿದೆ.

ಅಭ್ಯಾಸದಿಂದ ಕಣ್ಣು ಪಳಗುವುದನ್ನು ಈ ಬಾರಿ ಸ್ಪಷ್ಟವಾಗಿ ಕಂಡೆವು. ಗ್ರಹದ ಸಂಕ್ರಮಣವು ಪ್ರಕಾಶದ ಏರಿಳಿತ ತೋರಿಸುವ ನಕ್ಷೆಯಲ್ಲಿ ಸಾಮಾನ್ಯವಾಗಿ ಬೋಗುಣಿಯ ತಳದಂತೆ ಚಪ್ಪಟೆಯಾಗಿರುತ್ತದೆ. ಪರಸ್ಪರ ಮರೆಮಾಡುವ ಜೋಡಿ ನಕ್ಷತ್ರಗಳ ಕುಸಿತ ಹಲವು ವೇಳೆ ಚೂಪಾಗಿ, ಬಹಳ ಆಳವಾಗಿ, ಒಂದು ಹೆಚ್ಚು ಒಂದು ಕಡಿಮೆ ಎಂಬಂತೆ ಬರುತ್ತದೆ. ಟೆಸ್‌ನ ಒಂದು ಪಿಕ್ಸೆಲ್ ಆಕಾಶದಲ್ಲಿ ಸುಮಾರು 21 ವಿಕಲೆಗಳಷ್ಟು (ಒಂದು ವಿಕಲೆ ಎಂದರೆ ಡಿಗ್ರಿಯ 3600ನೇ ಒಂದು ಭಾಗ) ಅಗಲವಿರುವುದರಿಂದ, ಪಕ್ಕದ ನಕ್ಷತ್ರದ ಕುಸಿತವೂ ನಾವು ನೋಡುತ್ತಿರುವ ನಕ್ಷತ್ರದ ಲೆಕ್ಕಕ್ಕೆ ಸೇರಿಬಿಡಬಹುದು. ಯೋಜನೆಯವರು ಕೃತಕ ಸಂಕ್ರಮಣಗಳನ್ನೂ ನಡುನಡುವೆ ಸೇರಿಸಿರುತ್ತಾರೆ. ನಮ್ಮ ಗುರುತುಗಳು ಎಷ್ಟು ನಂಬಲರ್ಹವೆಂದು ಅಳೆಯುವ ಈ ಕ್ರಮ ನನಗೆ ಬಹಳ ಮೆಚ್ಚುಗೆಯಾದದ್ದು.

ವಿದ್ಯಾರ್ಥಿಗಳಿಗೆ ನಾನು ವಿವರವಾಗಿ ಹೇಳಿದ್ದು ಪಿಎಚ್1 ಬಿ ಗ್ರಹದ ವಿಚಾರ. ನಾಸಾದ ಕೆಪ್ಲರ್ ಬಾಹ್ಯಾಕಾಶ ದೂರದರ್ಶಕದ ದತ್ತಾಂಶಕ್ಕಾಗಿ 2010ರ ಡಿಸೆಂಬರ್‌ನಲ್ಲಿ ಆರಂಭವಾದ ಮೂಲ ‘ಪ್ಲಾನೆಟ್ ಹಂಟರ್ಸ್’ ಯೋಜನೆಯಲ್ಲಿ ಕಿಯಾನ್ ಜೆಕ್ ಮತ್ತು ರಾಬರ್ಟ್ ಗಾಗ್ಲಿಯಾನೊ ಎಂಬ ಇಬ್ಬರು ಸ್ವಯಂಸೇವಕರು ಅದನ್ನು ಗುರುತಿಸಿದರು, ಮತ್ತು 2012ರಲ್ಲಿ ಶೋಧ ಪ್ರಕಟವಾಯಿತು. ಆ ಗ್ರಹ ಎರಡು ನಕ್ಷತ್ರಗಳನ್ನು ಒಟ್ಟಿಗೆ ಸುತ್ತುತ್ತದೆ, ಆ ಜೋಡಿಯಿಂದ ದೂರದಲ್ಲಿ ಇನ್ನೊಂದು ಜೋಡಿಯೂ ಇದೆ. ಒಳಗಿನ ನಕ್ಷತ್ರಗಳು ತಾವೇ ಪರಸ್ಪರ ಸುತ್ತುತ್ತಿರುವುದರಿಂದ ಸಂಕ್ರಮಣಗಳು ಸಮಾನ ಅಂತರದಲ್ಲಿ ಬರುವುದಿಲ್ಲ. ಜೊತೆಗೆ ನಕ್ಷತ್ರಗಳ ಗ್ರಹಣಗಳ ನಡುವೆ ಗ್ರಹದ ಸಣ್ಣ ಕುಸಿತ ಅಡಗಿರುತ್ತದೆ. ಸಮಾನ ಅಂತರವನ್ನೇ ಹುಡುಕುವ ಗಣನೆಗೆ ಇದು ಕಠಿಣ. ಸ್ವಯಂಸೇವಕರು ಗುರುತಿಸಿದ ಮೇಲೂ ಖಗೋಳವಿಜ್ಞಾನಿಗಳು ಹವಾಯಿಯ ಕೆಕ್ ದೂರದರ್ಶಕದಿಂದ ಪರಿಶೀಲಿಸಿದ ಬಳಿಕವೇ ಅದು ಗ್ರಹವೆಂದು ಸ್ಥಾಪಿತವಾಯಿತು. ನಾವು ಹಾಕುವ ಗುರುತು ಮೊದಲ ಮೆಟ್ಟಿಲು ಮಾತ್ರವೆಂಬುದನ್ನು ಹೊಸಬರು ಆರಂಭದಲ್ಲೇ ತಿಳಿದಿರಬೇಕು.

ಆಕಾಶ ತಿಳಿಯಾದ ಮೇಲೆ ನಮ್ಮದೇ ಆರು ಇಂಚಿನ ದೂರದರ್ಶಕದಿಂದ ಸಂಕ್ರಮಣವೊಂದನ್ನು ಅಳೆಯುವುದು ಮುಂದಿನ ಹಂತ. ಇದಕ್ಕೆ ಆಂಡ್ರೊಮಿಡಾ ರಾಶಿಯ ಎಚ್ಎಟಿ-ಪಿ-32 ಬಿ ಗ್ರಹವನ್ನು ಆರಿಸಿದ್ದೇವೆ. ಅದು 2.15 ದಿನಗಳಿಗೊಮ್ಮೆ ಸುತ್ತು ಮುಗಿಸುತ್ತದೆ, ನಕ್ಷತ್ರದ ಬೆಳಕು ಸುಮಾರು ಶೇ. 2ರಷ್ಟು ಇಳಿಯುತ್ತದೆ, ಸಂಕ್ರಮಣ ಮೂರು ಗಂಟೆಗೂ ತುಸು ಹೆಚ್ಚು ಕಾಲ ನಡೆಯುತ್ತದೆ. ಇಂಥ ಅಳತೆಗಳನ್ನು ಹವ್ಯಾಸಿಗಳಿಂದ ಪಡೆದು ಮುಂದಿನ ಸಂಕ್ರಮಣಗಳ ವೇಳೆಯನ್ನು ನಿಖರಗೊಳಿಸುವುದಕ್ಕೆಂದೇ ನಾಸಾದ ‘ಎಕ್ಸೋಪ್ಲಾನೆಟ್ ವಾಚ್’ ಇದೆ. ಅದರಿಂದ ದೊಡ್ಡ ದೂರದರ್ಶಕಗಳ ಅಮೂಲ್ಯ ಸಮಯ ಉಳಿಯುತ್ತದೆ. ಊರಿನ ದೀಪಗಳಿಂದ ದೂರವಿರಲೆಂದು ಚಳ್ಳಕೆರೆ ಕಡೆ ಶೇಂಗಾ ಕಿತ್ತು ಖಾಲಿಯಾದ ಹೊಲವೊಂದನ್ನು ಗೊತ್ತುಮಾಡಿಕೊಂಡಿದ್ದೇವೆ. ಸಂಕ್ರಮಣಕ್ಕೆ ಮೊದಲು ಒಂದು ಗಂಟೆ, ಮುಗಿದ ಮೇಲೆ ಒಂದು ಗಂಟೆ ಸೇರಿಸಿ ಚಿತ್ರಗಳನ್ನು ತೆಗೆಯಬೇಕಾದ್ದರಿಂದ, ಡಿಸೆಂಬರ್‌ನಲ್ಲಿ ಇಡೀ ಸಂಕ್ರಮಣ ಕತ್ತಲೆಯಲ್ಲೇ ನಡೆಯುವ ರಾತ್ರಿಗಳ ಪಟ್ಟಿಯನ್ನು ವಿದ್ಯಾರ್ಥಿಗಳು ಈಗ ಸಿದ್ಧಪಡಿಸುತ್ತಿದ್ದಾರೆ.