ಸೆಕ್ಷನ್ ಮೊದಲು, ಬಾಗಿಲು ಆಮೇಲೆ

ಕಲಬುರಗಿಯಲ್ಲಿ ಮನೆಗಳ ನಕ್ಷೆ ಬರೆಯುವ ಕೆಲಸ ಹಿಡಿದು 14 ವರ್ಷಗಳಾದವು. ಹೊಸ ಪ್ಲಾನ್ ಕೇಳಿಕೊಂಡು ಬರುವ ಅನೇಕರ ಜಾಗದಲ್ಲಿ ಹಳೆಯ ಮನೆ ಇನ್ನೂ ನಿಂತಿರುತ್ತದೆ. ಅದನ್ನು ಕೆಡವುವ ಮುಂಚೆ ಚಿತ್ರ ಬರೆದಿಟ್ಟುಕೊಳ್ಳುವುದು ನನ್ನ ರೂಢಿ.

ಮೊದಮೊದಲು ಕಣ್ಣಿಗೆ ಚೆಂದ ಕಂಡದ್ದನ್ನೇ ಬರೆಯುತ್ತಿದ್ದೆ. ಶಹಾಬಜಾರದ ಒಂದು ಮನೆಯಲ್ಲಿ ಕೆತ್ತನೆಯ ತಲಬಾಗಿಲಿಗೆ ಇಡೀ ಮಧ್ಯಾಹ್ನ ಕಳೆದು, ಒಳಗಿನದನ್ನು ಫೋನಿನಲ್ಲಿ ಸೆರೆಹಿಡಿದು, ಅಳತೆಗೆ ಮುಂದಿನ ವಾರ ಬರುತ್ತೇನೆಂದು ಹೇಳಿ ಬಂದೆ. ಮರಳಿ ಹೋಗುವಷ್ಟರಲ್ಲಿ ಜೆಸಿಬಿ ತನ್ನ ಕೆಲಸ ಮುಗಿಸಿತ್ತು. ಫೋಟೋಗಳಲ್ಲಿ ತೊಲೆಗಳೇನೋ ಕಾಣುತ್ತಿದ್ದವು. ಅವು ಗೋಡೆಯೊಳಗೆ ಎಷ್ಟು ಹೊಕ್ಕಿದ್ದವು, ಮಾಳಿಗೆಯ, ಅಂದರೆ ಚಾವಣಿಯ, ಮಣ್ಣು ಎಷ್ಟು ದಪ್ಪವಿತ್ತು ಎಂಬುದು ಮಾತ್ರ ಯಾವ ಫೋಟೋದಲ್ಲಿಯೂ ಇರಲಿಲ್ಲ. ಬಾಗಿಲನ್ನು ಮನೆಯವರೇ ಹೊಸ ಮನೆಗೆಂದು ಜೋಪಾನವಾಗಿ ತೆಗೆದಿಟ್ಟಿದ್ದರು. ನಾನು ಬರೆದದ್ದು ಉಳಿದಿತ್ತು, ಬಿಟ್ಟದ್ದು ಹೋಗಿತ್ತು.

ಅಂದಿನಿಂದ ಮೊದಲ ಭೇಟಿಯಲ್ಲಿಯೇ ಸೆಕ್ಷನ್, ಅಂದರೆ ಮನೆಯನ್ನು ಮೇಲಿಂದ ಕೆಳಕ್ಕೆ ಸೀಳಿದಂತೆ ಒಳಗನ್ನು ತೋರಿಸುವ ಅಳತೆಯ ಚಿತ್ರ, ಬರೆಯುತ್ತೇನೆ. ಕೋಟೆಯೊಳಗಿನ 1367ರ ಜಾಮಿ ಮಸೀದಿಯ ಅಳತೆ ಇಂದು ತಪ್ಪಿದರೆ ನಾಳೆ ತೆಗೆಯಬಹುದು, ಏಕೆಂದರೆ ಅದು ಸಂರಕ್ಷಿತ ಸ್ಮಾರಕ. ಬ್ರಹ್ಮಪುರದ ಓಣಿಯ ಮನೆಗೆ ಆ ನಾಳೆ ಇರುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಅಂಥದೊಂದು ಮನೆಯಲ್ಲಿ ಅಜ್ಜಿಯೊಬ್ಬರು, “ಫೋಟೋ ಹೊಡ್ಕೊಂಡಿ ಅಲ್ಲ ತಮ್ಮಾ, ಮತ್ತ್ಯಾಕ ಅಳೀತಿ?” ಎಂದು ಕೇಳುತ್ತಲೇ ಟೇಪಿನ ಇನ್ನೊಂದು ತುದಿಯನ್ನು ಹಿಡಿದು ನಿಂತರು. ಗೋಡೆ 2 ಅಡಿ 4 ಇಂಚು. ಒಳಹೊರಗೆ ಶಹಾಬಾದಿ ಕಲ್ಲು, ನಡುವೆ ಮಣ್ಣು ಮತ್ತು ಕಲ್ಲಿನ ಚೂರು. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಫರಸಿ ಎಂಬ ಚಪ್ಪಡಿ ಕಲ್ಲು, ಅದರ ಮೇಲೆ 9 ಇಂಚು ಮಣ್ಣು. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಸವಳು (ಉಪ್ಪಿನಂಶದ) ಮಣ್ಣು ಹರವಿ ತುಳಿಯುತ್ತಿದ್ದುದನ್ನು, ಆ ಮಣ್ಣಿನಲ್ಲಿ ಹುಲ್ಲು ಹುಟ್ಟದೆ ಇರುವುದನ್ನು ಅಜ್ಜಿಯೇ ವಿವರಿಸಿದರು. ಇವನ್ನೆಲ್ಲ ನಕ್ಷೆಯ ಅಂಚಿನಲ್ಲಿ ಅವರ ಮಾತಿನಲ್ಲಿಯೇ ಬರೆದುಕೊಂಡೆ.

ಮನೆ ಕೆಡವಬೇಡಿರೆಂದು ನಾನು ಯಾರಿಗೂ ಹೇಳುವುದಿಲ್ಲ. ಸೋರುವ ಮಾಳಿಗೆಯ ಕೆಳಗೆ ಮಕ್ಕಳನ್ನು ಮಲಗಿಸುವವರ ಕಷ್ಟ ನನಗೆ ಗೊತ್ತು. ಹೊಸ ಮನೆಯ ನಕ್ಷೆ ಬರೆಯುವವನೂ ನಾನೇ.

ಆ ದಿನ ಹೊರಡುವ ಹೊತ್ತಿಗೆ ಅಡುಗೆಮನೆಯ ಬೆಳಕಿಂಡಿ ಉಳಿದುಹೋದದ್ದು ನೆನಪಾಯಿತು. ಕತ್ತಲಾಗುತ್ತಿದ್ದರೂ ಏಣಿ ತರಿಸಿ ಹತ್ತಿದೆ. ಮೇಲೆ 7 ಇಂಚು, ಕೆಳಗೆ 13. ಬೆಳಕು ಒಲೆಯ ಮುಂದೆ ಹರಡಿ ಬೀಳಲೆಂದು ಕೆಳಮುಖವಾಗಿ ಅಗಲ ಮಾಡಿದ್ದರು.